ಗಾಯಕನೂ ವಾದ್ಯಮೇಳವೂ: ಒಂದು ಧ್ವನಿಮುದ್ರಿಕೆಯ ವೃತ್ತಾಂತ

ಹತ್ತಾರು ವಾದ್ಯಗಳು ಏಕಕಾಲಕ್ಕೆ ಮೊಳಗುವಾಗ ಒಂದೇ ಒಂದು ಕಂಠವು ಮುಳುಗಿಹೋಗದೆ ನಿಲ್ಲುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ 1956ರಲ್ಲಿ ಅಮೆರಿಕದ ಹಾಲಿವುಡ್ಡಿನಲ್ಲಿ ಸಿದ್ಧವಾದ ‘ಸಾಂಗ್ಸ್ ಫಾರ್ ಸ್ವಿಂಗಿಂಗ್ ಲವರ್ಸ್’ ಎಂಬ ಧ್ವನಿಮುದ್ರಿಕೆಯ ವೃತ್ತಾಂತವನ್ನು ಇಲ್ಲಿ ನಿರೂಪಿಸುತ್ತೇವೆ. ಹಾಡಿದವನು ಫ್ರಾಂಕ್ ಸಿನಾತ್ರಾ; ವಾದ್ಯಗಳಿಗೆ ಸ್ವರ ಹೊಂದಿಸಿ ಮೇಳವನ್ನು ನಡೆಸಿದವನು ನೆಲ್ಸನ್ ರಿಡ್ಲ್.

‘ಸ್ವಿಂಗ್’ ಎಂದರೆ ತೂಗಾಟ. ಇದರಲ್ಲಿ ನಾಲ್ಕೆಣಿಕೆಯ ತಾಳದ ಎರಡನೆಯ, ನಾಲ್ಕನೆಯ ಪೆಟ್ಟುಗಳಿಗೆ ಒತ್ತು ಬೀಳುತ್ತದೆ. ಒಂದು ಪೆಟ್ಟನ್ನು ಇಬ್ಭಾಗ ಮಾಡಿದಾಗ ಮೊದಲ ಪಾಲು ದೀರ್ಘವಾಗಿಯೂ ಎರಡನೆಯದು ಹ್ರಸ್ವವಾಗಿಯೂ ಬರುತ್ತದೆ. ಇದನ್ನು ಬರೆದು ತಿಳಿಸುವುದಕ್ಕಿಂತ ಮೇಜಿನ ಮೇಲೆ ತಟ್ಟಿ ತೋರಿಸುವುದೇ ಸುಲಭ. ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್ ಎಂಬ ಊದುವ ವಾದ್ಯಗಳ ಗುಂಪುಗಳೂ, ಲಯ ಹಿಡಿಯುವ ಪಿಯಾನೊ, ಗಿಟಾರು, ಬೇಸ್, ಡ್ರಮ್ಮುಗಳೂ ಕೂಡಿದ ಮೇಳವೇ ‘ಬಿಗ್ ಬ್ಯಾಂಡ್’. ರಿಡ್ಲ್ ಇವುಗಳ ಜೊತೆಗೆ ಪಿಟೀಲುಗಳನ್ನೂ ಸೇರಿಸಿದನು.

ಸಿನಾತ್ರಾನಿಗೆ ಸ್ವರಲಿಪಿಯನ್ನು ಓದಲು ಬಾರದು. ಆದರೆ 1940ರಿಂದ 1942ರವರೆಗೆ ಟಾಮಿ ಡಾರ್ಸಿಯ ಮೇಳದಲ್ಲಿ ಹಾಡುತ್ತಿದ್ದಾಗ, ಡಾರ್ಸಿಯು ಟ್ರೊಂಬೋನನ್ನು ನುಡಿಸುತ್ತ ಉಸಿರು ತೆಗೆದುಕೊಳ್ಳುವುದು ಕಾಣದಂತೆ ದೀರ್ಘ ಸಾಲುಗಳನ್ನು ಹೆಣೆಯುವುದನ್ನು ಆತನು ಹಿಂದೆ ಕುಳಿತು ಗಮನಿಸುತ್ತಿದ್ದನು. ಉಸಿರಿನ ವಿದ್ಯೆಯನ್ನು ಹೀಗೆ ಕಲಿತೆನೆಂದು ಆತನೇ ಹೇಳಿಕೊಂಡಿದ್ದಾನೆ. ಮುಂದೆ ಜನಪ್ರಿಯತೆ ಇಳಿಯಿತು. 1952ರಲ್ಲಿ ಧ್ವನಿಮುದ್ರಣ ಸಂಸ್ಥೆಯೂ ಆತನನ್ನು ಕೈಬಿಟ್ಟಿತು. ಮರುವರ್ಷ ಕ್ಯಾಪಿಟಲ್ ಸಂಸ್ಥೆಯನ್ನು ಸೇರಿದಾಗ ರಿಡ್ಲ್ ದೊರಕಿದನು. ಈತನೂ ಹಿಂದೆ ಡಾರ್ಸಿಯ ಮೇಳದಲ್ಲಿ ಟ್ರೊಂಬೋನ್ ನುಡಿಸಿದ್ದವನೇ.

ರಿಡ್ಲನ ಕ್ರಮ ಹೀಗಿತ್ತು: ಹಾಡಿನ ಶಿಖರ ಎಲ್ಲಿದೆಯೆಂದು ಮೊದಲು ಗುರುತಿಸಿ, ಮಿಕ್ಕ ಭಾಗವನ್ನು ಅಲ್ಲಿಗೇರುವ ಮೆಟ್ಟಿಲಾಗಿಸುವುದು, ಗಾಯಕನು ಹಾಡುವಾಗ ವಾದ್ಯಗಳನ್ನು ತಗ್ಗಿಸಿ, ಆತನು ಉಸಿರೆಳೆಯುವ ಎಡೆಯಲ್ಲಿ ಅವುಗಳಿಂದ ಮಾತನಾಡಿಸುವುದು. ಭಾಗವತರು ಪದ ಹೇಳುವಾಗ ಚೆಂಡೆ ಸುಮ್ಮನಿದ್ದು ಮದ್ದಳೆ ನಡೆಯುವುದನ್ನು ಬಲ್ಲ ನಮ್ಮ ಮಕ್ಕಳಿಗೆ ಈ ವಿವೇಕ ಅಪರಿಚಿತವಲ್ಲ.

ಜನವರಿ 12ರಂದು ಕೋಲ್ ಪೋರ್ಟರನು 1936ರಲ್ಲಿ ರಚಿಸಿದ್ದ ‘ಐವ್ ಗಾಟ್ ಯೂ ಅಂಡರ್ ಮೈ ಸ್ಕಿನ್’ ಹಾಡಿನ ಸರದಿ ಬಂದಿತು. ಸ್ವರ ಬರೆದು ಮುಗಿದಿರಲಿಲ್ಲವಾಗಿ, ರಿಡ್ಲ್ ಮುದ್ರಣಕ್ಕೆ ಹೋಗುವ ಕಾರಿನಲ್ಲಿಯೂ ಬರೆಯುತ್ತಿದ್ದನೆಂದು ಹೇಳುತ್ತಾರೆ. (ವಿದ್ಯಾರ್ಥಿಗಳು ಪರೀಕ್ಷೆಯ ದಿನ ಇದನ್ನು ಅನುಕರಿಸಬಾರದು!) ನಡುವೆ ಮಿಲ್ಟ್ ಬರ್ನ್‌ಹಾರ್ಟನು ಟ್ರೊಂಬೋನಿನಲ್ಲಿ ಸ್ವಂತ ಕಲ್ಪನೆಯಿಂದ ನುಡಿಸಬೇಕಾಗಿತ್ತು. ಗಾಯಕನೂ ಮೇಳವೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಮುದ್ರಿಸುತ್ತಿದ್ದುದರಿಂದ, ಒಂದು ಕಡೆ ಕುಂದು ಕಂಡರೂ ಎಲ್ಲರೂ ಮತ್ತೆ ಮೊದಲಿನಿಂದ ಆರಂಭಿಸಬೇಕು. ಮರುಮುದ್ರಣ ಹತ್ತನ್ನೂ ಮೀರಿತು. ತನ್ನ ಅತ್ಯುತ್ತಮವಾದುದನ್ನು ಮೊದಲ ಕೆಲವು ಸಲವೇ ಕೊಟ್ಟು ಬರಿದಾಗಿದ್ದೆನೆಂದು ಬರ್ನ್‌ಹಾರ್ಟನು ಬಳಿಕ ನೆನೆದಿದ್ದಾನೆ. ಅಷ್ಟರಲ್ಲಿ, ಇನ್ನೊಂದು ಮೈಕಿನ ಸಮೀಪಕ್ಕೆ ಬರುವಂತೆ ಆತನಿಗೆ ಹೇಳಿದರು; ಅದೋ ತೀರ ಎತ್ತರದಲ್ಲಿತ್ತು. ಆಗ ಒಂದು ಪೆಟ್ಟಿಗೆಯನ್ನು ಹೊತ್ತು ತಂದು ಆತನ ಕಾಲಡಿಗಿಟ್ಟವನು ಯಾವ ಸೇವಕನೂ ಅಲ್ಲ, ಸ್ವತಃ ಸಿನಾತ್ರಾ.

ಆ ಪೆಟ್ಟಿಗೆಯ ಮೇಲೆ ನಿಂತು ನುಡಿಸಿದ ನಾದವೇ ಇಂದಿಗೂ ಕೇಳಿಬರುತ್ತದೆ. ಪೋಷಕರು ಮಕ್ಕಳನ್ನು ಕೂರಿಸಿಕೊಂಡು ಈ ಹಾಡನ್ನೊಮ್ಮೆ ಆಲಿಸಬೇಕು. ಮೇಳವು ಅಲೆಯಲೆಯಾಗಿ ಏರುತ್ತದೆ, ಟ್ರೊಂಬೋನು ಗರ್ಜಿಸುತ್ತದೆ, ಅದರ ಬೆನ್ನಿಗೇ ಗಾಯಕನು ಮರಳಿ ಬರುತ್ತಾನೆ. ಆಮೇಲೆ ವಾದ್ಯಗಳೆಲ್ಲ ತಗ್ಗಿ ಹಾಡು ಮೆಲ್ಲನೆ ಮುಗಿಯುತ್ತದೆ.