ಒಂದು ‘ಇಂಟರೆಸ್ಟ್’, ನಾಲ್ಕು ಫಾರ್ಸಿ ಪದಗಳು

ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಅತಿ ಹೆಚ್ಚು ಬರೆಯುವ ಪದಗಳಲ್ಲಿ ‘ಇಂಟರೆಸ್ಟ್’ ಒಂದು. ಬಂಡವಾಳದ ಮೇಲೆ ಇಂಟರೆಸ್ಟ್, ಡ್ರಾಯಿಂಗ್ಸ್ ಮೇಲೆ ಇಂಟರೆಸ್ಟ್. ಪಾಲುದಾರಿಕೆ ಪತ್ರ ಇಲ್ಲದಿದ್ದರೆ ಪಾಲುದಾರ ಕೊಟ್ಟ ಸಾಲಕ್ಕೆ ವರ್ಷಕ್ಕೆ ಶೇ. 6 ಇಂಟರೆಸ್ಟ್ ಎಂದು 1932ರ ಕಾಯ್ದೆ ಹೇಳುತ್ತದೆ. ಆದರೆ ವಿಮೆಯ ಪಾಠದ ‘ಇನ್ಶೂರಬಲ್ ಇಂಟರೆಸ್ಟ್’ನಲ್ಲಿ ಬಡ್ಡಿಯ ಮಾತೇ ಇಲ್ಲ. ಅಂಗಡಿ ಸುಟ್ಟರೆ ಯಾರಿಗೆ ನಷ್ಟವೋ ಅವರಿಗೇ ಅದರಲ್ಲಿ ಇಂಟರೆಸ್ಟ್.

ಈ ಪದ ಲ್ಯಾಟಿನ್ ಮೂಲದ್ದು. ‘ಇಂಟರ್’ ಎಂದರೆ ನಡುವೆ, ‘ಎಸ್ಸೆ’ ಎಂದರೆ ಇರುವುದು. ನಡುವೆ ಇರುವುದು ಎಂಬುದರಿಂದ ‘ಸಂಬಂಧಪಟ್ಟಿರುವುದು’ ಎಂಬ ಅರ್ಥ ಬೆಳೆಯಿತು. ಇಂಗ್ಲಿಷ್ ಒಂದೇ ಪದದಲ್ಲಿ ಇಟ್ಟಿದ್ದನ್ನು ಫಾರ್ಸಿ ಬೇರೆ ಬೇರೆ ಪದಗಳಲ್ಲಿ ಇಡುತ್ತದೆ:

1. ಬಹ್ರೆ: ಹಣದ ಮೇಲಿನ ಬಡ್ಡಿ. ಬಡ್ಡಿದರ ಎಂದರೆ ‘ನೆರ್ಖೆ ಬಹ್ರೆ’.
2. ಅಲಾಕೆ: ಆಸಕ್ತಿ, ಒಲವು.
3. ಮನಾಫೆ: ಹಿತಾಸಕ್ತಿ. ರಾಷ್ಟ್ರೀಯ ಹಿತಾಸಕ್ತಿಗೆ ‘ಮನಾಫೆಎ ಮೆಲ್ಲಿ’.
4. ಸಹಮ್: ವ್ಯವಹಾರದಲ್ಲಿರುವ ಪಾಲು.

ಉರ್ದು ಮಾತನಾಡುವ ಮನೆಯವರಾದ ನಮಗೆ ಈ ಪದಗಳು ಪರಿಚಿತ ಎನಿಸುತ್ತವೆ. ಎಚ್ಚರ ಬೇಕಾದದ್ದು ಅಲ್ಲಿಯೇ. ಉರ್ದುವಿನಲ್ಲಿ ‘ಮುನಾಫಾ’ ಎಂದರೆ ಲಾಭ. ಅದೇ ಮೂಲದ ಫಾರ್ಸಿ ‘ಮನಾಫೆ’ ಎಂದರೆ ಹಿತಾಸಕ್ತಿ. ಇದಕ್ಕಿಂತ ದೊಡ್ಡ ತೊಡಕು ‘ಸೂದ್’. ಉರ್ದುವಿನಲ್ಲಿ ಸೂದ್ ಎಂದರೆ ಬಡ್ಡಿ. ನಮ್ಮ ಮನೆಯಲ್ಲಿ ಅಜ್ಜಿ ಈ ಪದವನ್ನು ದನಿ ತಗ್ಗಿಸಿಯೇ ಹೇಳುತ್ತಾರೆ. ಇಂದಿನ ಫಾರ್ಸಿಯಲ್ಲಿ ಅದೇ ಸೂದ್ ಎಂದರೆ ಮುಖ್ಯವಾಗಿ ಲಾಭ. ನಮ್ಮ ಲಾಭ-ನಷ್ಟ ತಃಖ್ತೆಯನ್ನು ಅವರು ‘ಸೂರತೆ ಸೂದೊ ಜಿಯಾನ್’ ಎನ್ನುತ್ತಾರೆ.

ವ್ಯಾಪಾರದ ಲಾಭ ನಮ್ಮಲ್ಲಿ ಹಲಾಲ್, ಬಡ್ಡಿ ಹರಾಮ್. ಹಾಗಾಗಿ ಇರಾನಿನ ವ್ಯಾಪಾರಿ ‘ಈ ವರ್ಷ ಒಳ್ಳೆಯ ಸೂದ್ ಬಂತು’ ಎಂದರೆ, ಉರ್ದು ಕಿವಿ ಪ್ರಾಮಾಣಿಕ ಗಳಿಕೆಯನ್ನು ಬಡ್ಡಿ ಎಂದು ಕೇಳಿಸಿಕೊಳ್ಳುತ್ತದೆ. ಒಂದೇ ಪದದಿಂದ ಒಬ್ಬ ಮನುಷ್ಯನ ಬಗ್ಗೆ ನಮ್ಮ ತೀರ್ಪೇ ಬದಲಾಗುತ್ತದೆ. ಇರಾನಿನಲ್ಲಿ 1983ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಕಾನೂನು ಬಂತು. ಅಲ್ಲಿನ ಬ್ಯಾಂಕುಗಳು ಠೇವಣಿದಾರರಿಗೆ ಕೊಡುವ ಹಣಕ್ಕೆ ‘ಸೂದ್’ ಎನ್ನುತ್ತವೆ. ಅವರು ಲಾಭ ಎನ್ನುವ ಅರ್ಥದಲ್ಲಿ ಆರಿಸಿಕೊಂಡ ಪದ ನಮಗೆ ಬಡ್ಡಿ ಎಂದೇ ಕೇಳಿಸುತ್ತದೆ! ಆದ್ದರಿಂದ ಅನುವಾದಿಸುವಾಗ ಪದದ ರೂಪ ನೋಡಿ ನಂಬಬಾರದು. ಯಾವ ಭಾಷೆ, ಯಾವ ಸಂದರ್ಭ ಎಂದು ಮೊದಲು ಕೇಳಬೇಕು.

ಈಗ ‘ಅಲಾಕೆ’ ನೋಡೋಣ. ಇದು ಅರಬ್ಬಿಯಿಂದ ಬಂದದ್ದು. ಮೂಲದ ಅರ್ಥ ತೂಗಿಕೊಳ್ಳುವುದು, ಅಂಟಿಕೊಳ್ಳುವುದು. ಉರ್ದುವಿನಲ್ಲಿ ಇದೇ ಪದ ‘ಇಲಾಕಾ’, ಅಂದರೆ ಪ್ರದೇಶ. ಕನ್ನಡಕ್ಕೆ ಬಂದು ‘ಇಲಾಖೆ’ಯಾಗಿದೆ. ‘ತಾಲ್ಲೂಕು’ ಕೂಡ ಇದೇ ಮೂಲದ ‘ತಅಲ್ಲುಕ್’ನಿಂದ ಬಂದದ್ದು. ಶಿಕ್ಷಣ ಇಲಾಖೆ, ತಾಲ್ಲೂಕು ಕಚೇರಿ ಎನ್ನುವಾಗಲೆಲ್ಲ ನಾವು ಇರಾನಿನ ‘ಆಸಕ್ತಿ’ಯ ನೆಂಟರನ್ನೇ ಕರೆಯುತ್ತಿದ್ದೇವೆ.

ನನಗೆ ತುಂಬ ಹಿಡಿಸಿದ್ದು ಇದು: ಆಸಕ್ತಿಗೆ ಉರ್ದುವಿನಲ್ಲಿ ‘ದಿಲ್‌ಚಸ್ಪಿ’ ಎನ್ನುತ್ತೇವೆ. ಫಾರ್ಸಿಯಲ್ಲಿ ‘ದಿಲ್’ ಹೃದಯ, ‘ಚಸ್ಪ್’ ಅಂಟು. ಕನ್ನಡದ ‘ಆಸಕ್ತಿ’ ಸಂಸ್ಕೃತದಿಂದ ಬಂದದ್ದು; ಅದರ ಧಾತುವಿಗೂ ಅಂಟಿಕೊಳ್ಳು ಎಂದೇ ಅರ್ಥ. ಅರಬ್ಬಿ, ಫಾರ್ಸಿ, ಸಂಸ್ಕೃತ ಮೂರೂ ಒಂದೇ ಮಾತು ಹೇಳುತ್ತವೆ: ಮನಸ್ಸು ಅಂಟಿಕೊಂಡರೆ ಅದು ಆಸಕ್ತಿ.

ನೀವೇ ಪ್ರಯತ್ನಿಸಿ. ಈ ವಾಕ್ಯಗಳ ‘ಇಂಟರೆಸ್ಟ್’ಗೆ ಯಾವ ಫಾರ್ಸಿ ಪದ ಸರಿ?

ಅ) ಅವಳಿಗೆ ಗಣಿತದಲ್ಲಿ ಇಂಟರೆಸ್ಟ್ ಇದೆ.
ಆ) ಸಾಲದ ಇಂಟರೆಸ್ಟ್ ಏರಿದೆ.
ಇ) ಸಂಸ್ಥೆಯಲ್ಲಿ ಅವನ ಇಂಟರೆಸ್ಟ್ ಶೇ. 20.
ಈ) ಕಾರ್ಮಿಕರ ಇಂಟರೆಸ್ಟ್ ಕಾಪಾಡಬೇಕು.

ಉತ್ತರ: ಅ) ಅಲಾಕೆ, ಆ) ಬಹ್ರೆ, ಇ) ಸಹಮ್, ಈ) ಮನಾಫೆ.