ಮಗುವಿನ ಕೈಗೆ ಎಷ್ಟು ಭಾರದ ಬಿಲ್ಲು?

ಯಕ್ಷಗಾನದಲ್ಲಿ ಅರ್ಜುನ, ಬಭ್ರುವಾಹನರ ಕಾಳಗ ಕಂಡ ಮಕ್ಕಳಿಗೆ ತಾವೂ ಬಿಲ್ಲು ಹಿಡಿಯಬೇಕೆಂಬ ಆಸೆ ಹುಟ್ಟುವುದು ಸಹಜ. ಈಗ ಶಾಲಾಮಕ್ಕಳು ಬಿಲ್ವಿದ್ಯೆಯನ್ನು ಕ್ರೀಡೆಯಾಗಿಯೂ ಕಲಿಯುತ್ತಿದ್ದಾರೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಬಿದಿರು-ಮರದ ಬಿಲ್ಲಿಗೆಂದೇ ‘ಇಂಡಿಯನ್ ರೌಂಡ್’ ಎಂಬ ವಿಭಾಗವಿದೆ. ಏಕಾಗ್ರತೆ, ನೇರ ನಿಲುವು, ಬೆನ್ನಿನ ಬಲ ಇವೆಲ್ಲಕ್ಕೂ ಇದು ಒಳ್ಳೆಯ ವ್ಯಾಯಾಮ. ಆದರೆ ಬಿಲ್ಲು ಮಗುವಿನ ಶಕ್ತಿಗೆ ತಕ್ಕುದಾಗಿರಬೇಕು.

ಸೆಳೆತದ ಭಾರ ಎಂದರೇನು?

ಹೆದೆಯನ್ನು ಪೂರ್ತಿ ಎಳೆದು ಹಿಡಿಯಲು ಬೇಕಾದ ಬಲವೇ ಸೆಳೆತದ ಭಾರ. ಇದನ್ನು ಪೌಂಡ್‌ಗಳಲ್ಲಿ ಅಳೆಯುತ್ತಾರೆ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಬಿಲ್ಲಿನ ಮೇಲೆ ನಮೂದಿಸಿದ ಭಾರ ಸಾಮಾನ್ಯವಾಗಿ 28 ಅಂಗುಲ ಎಳೆದಾಗಿನದು. ಮಗು ಅಷ್ಟು ದೂರ ಎಳೆಯುವುದಿಲ್ಲ. ಎರಡೂ ಕೈ ಚಾಚಿ ನಿಲ್ಲಿಸಿ, ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಯವರೆಗೆ ಅಳೆದು ಎರಡೂವರೆಯಿಂದ ಭಾಗಿಸಿದರೆ ಅದರ ಎಳೆತದ ಉದ್ದ ಅಂದಾಜಿಗೆ ಸಿಗುತ್ತದೆ. 50 ಅಂಗುಲವಿದ್ದರೆ 20 ಅಂಗುಲ. ಅಷ್ಟಕ್ಕೆ ‘20 ಪೌಂಡ್’ ಎಂದು ಬರೆದ ಬಿಲ್ಲು ಕೊಡುವ ಭಾರ ಸುಮಾರು 12 ಪೌಂಡ್ ಮಾತ್ರ.

8ರಿಂದ 10 ವರ್ಷದವರಿಗೆ ಕೈಗೆ ಬರುವ ಭಾರ 10ರಿಂದ 15 ಪೌಂಡ್, 11ರಿಂದ 13 ವರ್ಷದವರಿಗೆ 15ರಿಂದ 20 ಪೌಂಡ್ ಆರಂಭಕ್ಕೆ ಸಾಕು. ವಯಸ್ಸಿಗಿಂತ ಮಗುವಿನ ಮೈಕಟ್ಟು ಮುಖ್ಯ. ಬಾಣವಿಟ್ಟು ಗುರಿಯತ್ತ ಮುಖಮಾಡಿ ಪೂರ್ತಿ ಎಳೆದು, ಹತ್ತು ಎಣಿಸುವವರೆಗೆ ಕೈ ನಡುಗದೆ, ಸೊಂಟ ಹಿಂದಕ್ಕೆ ಬಾಗದೆ, ಭುಜ ಕಿವಿಯತ್ತ ಏರದೆ ಹಿಡಿಯಬಲ್ಲುದೇ ನೋಡಿ. ಮೆಲ್ಲನೆ ಹೆದೆಯನ್ನು ಹಿಂದಕ್ಕೆ ತರಲಿ. ಬಾಣವಿಲ್ಲದೆ ಹೆದೆ ಬಿಡಕೂಡದು, ಮರದ ಬಿಲ್ಲು ಒಡೆದು ಚೂರು ಮುಖಕ್ಕೆ ಸಿಡಿಯಬಹುದು.

ಭಾರ ಹೆಚ್ಚಾದರೆ?

‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಶಾಲೆಯ ಸಮವಸ್ತ್ರದಂತೆ ದೊಡ್ಡದನ್ನು ಕೊಳ್ಳಬೇಡಿ. ಮಕ್ಕಳ ಎಲುಬಿನ ತುದಿಗಳಲ್ಲಿ ಬೆಳವಣಿಗೆಯ ಮೆದು ಪದರವಿರುತ್ತದೆ. ಅತಿ ಭಾರವನ್ನು ಮತ್ತೆ ಮತ್ತೆ ಎಳೆದರೆ ಭುಜದ ಸ್ನಾಯು, ಸ್ನಾಯುರಜ್ಜು ಹಾಗೂ ಈ ಪದರಕ್ಕೆ ಘಾಸಿಯಾಗಬಹುದು. ಮರುದಿನವೂ ಭುಜ, ಮೊಣಕೈ ನೋಯುತ್ತಿದ್ದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ಕೊಟ್ಟು ಮುಂದುವರಿಸಬೇಡಿ.

ಬಾಣವು ಎಳೆತದ ಉದ್ದಕ್ಕಿಂತ ಎರಡು ಅಂಗುಲವಾದರೂ ಉದ್ದವಿರಲಿ, ಗಿಡ್ಡವಾದರೆ ಬಿಲ್ಲು ಹಿಡಿದ ಕೈಗೇ ಚುಚ್ಚಬಹುದು. ಮುಂಗೈಗೆ ಕವಚ, ಬೆರಳಿಗೆ ಚರ್ಮದ ತುಂಡು ಬೇಕು. ಅಭ್ಯಾಸ ಮುಗಿದೊಡನೆ ಹೆದೆ ಬಿಚ್ಚಿ ಬಿಲ್ಲನ್ನು ಒಣಜಾಗದಲ್ಲಿಡಿ. ನಮ್ಮ ಕರಾವಳಿಯ ಮಳೆಗಾಲದ ತೇವ ಮರಕ್ಕೆ ಶತ್ರು. ಬಿರುಕು ಕಂಡರೆ ಬಳಸಬೇಡಿ.

ಕಣ್ಣಿನ ಅಪಾಯ

ಭುಜದ ನೋವು ವಿಶ್ರಾಂತಿಯಿಂದ ಮಾಯಬಹುದು, ಹೋದ ದೃಷ್ಟಿ ಮರಳುವುದು ಕಷ್ಟ. ಬಿದಿರಿನ ಸೀಳಿಗೆ ದಾರ ಕಟ್ಟಿ ಹಿಡಿಸೂಡಿಯ ಕಡ್ಡಿಯನ್ನು ಬಾಣವಾಗಿಸುವ ಆಟ ನಮ್ಮ ಮನೆಯಂಗಳಗಳಲ್ಲಿ ಹಳೆಯದು. ಕಡ್ಡಿ ಹಗುರವಾದರೂ ಕಣ್ಣಿಗೆ ತಾಗಿದರೆ ಕರಿಗುಡ್ಡೆಯ ಮೇಲೆ ಗಾಯವಾಗುತ್ತದೆ. ಗಿಡಮರದ ಚೂರಿನಿಂದಾದ ಇಂಥ ಗಾಯದಲ್ಲಿ ಶಿಲೀಂಧ್ರ ಬೆಳೆದು, ಕೆಲ ದಿನಗಳ ಬಳಿಕ ಬಿಳಿ ಹುಣ್ಣಾಗಿ ಕಾಣಿಸಿಕೊಳ್ಳಬಹುದು. ಮನೆಯಲ್ಲಿ ಉಳಿದಿರುವ ಸ್ಟಿರಾಯ್ಡ್ ಹನಿ ಹಾಕಿದರೆ ಅದು ಉಲ್ಬಣಿಸುತ್ತದೆ. ಎಣ್ಣೆ, ಎದೆಹಾಲು, ಜೇನು ಯಾವುದೂ ಬೇಡ.

ಬಾಣ ಚುಚ್ಚಿದ್ದರೆ ಕೀಳಬೇಡಿ, ಕಣ್ಣು ಉಜ್ಜಬೇಡಿ, ತೊಳೆಯಬೇಡಿ. ಒತ್ತಡ ಬೀಳದಂತೆ ಕಾಗದದ ಲೋಟವನ್ನು ಮೇಲೆ ಮುಚ್ಚಿ, ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ತಿನ್ನಲು ಕುಡಿಯಲು ಕೊಡದೆ, ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮನೆಯ ನಿಯಮ ಮೂರೇ ಇರಲಿ: ದೊಡ್ಡವರಿಲ್ಲದೆ ಬಿಲ್ಲು ಹೊರಗೆ ಬರಬಾರದು, ಆಕಾಶಕ್ಕಾಗಲಿ, ಪ್ರಾಣಿ-ಮನುಷ್ಯರತ್ತವಾಗಲಿ ಗುರಿಯಿಡಬಾರದು, ಎಲ್ಲರೂ ಬಿಲ್ಲು ಕೆಳಗಿಟ್ಟ ಮೇಲೆಯೇ ಬಾಣ ಹೆಕ್ಕಲು ಹೋಗಬೇಕು. ಹಗುರ ಬಿಲ್ಲಿನಿಂದ ಮೊದಲು ಕ್ರಮ ಕಲಿಯಲಿ, ಬಲ ತಾನಾಗಿ ಬರುತ್ತದೆ.