ಬೇಗ ಮುಗಿಸಿದವಳಿಗೆ ಇನ್ನೂ ಹತ್ತು ಲೆಕ್ಕ?

ತರಗತಿಯಲ್ಲಿ ಹತ್ತು ಲೆಕ್ಕ ಕೊಟ್ಟಿದ್ದೀರಿ ಎಂದುಕೊಳ್ಳಿ. ಉಳಿದವರು ಮೂರನೆಯದಕ್ಕೆ ಬರುವಷ್ಟರಲ್ಲಿ ಒಬ್ಬಳು ಹತ್ತನ್ನೂ ಮುಗಿಸಿ, ಪುಸ್ತಕ ಮುಚ್ಚಿ, ಕಿಟಕಿಯಾಚೆ ನೋಡುತ್ತ ಕೂತಿದ್ದಾಳೆ. ಏನು ಮಾಡುತ್ತೀರಿ? ನಮ್ಮಲ್ಲಿ ಹೆಚ್ಚಿನವರು ಅದೇ ಬಗೆಯ ಇನ್ನೂ ಹತ್ತು ಲೆಕ್ಕ ಕೊಡುತ್ತೇವೆ. ಇಲ್ಲವೇ ‘ಪಕ್ಕದವಳಿಗೆ ಹೇಳಿಕೊಡು’ ಎನ್ನುತ್ತೇವೆ. ನಾಲ್ಕು ದಿನ ಹೀಗಾದರೆ ಆ ಹುಡುಗಿ ಬೇಕೆಂದೇ ನಿಧಾನವಾಗಿ ಬರೆಯುವುದನ್ನು ಕಲಿಯುತ್ತಾಳೆ. ಜಾಣೆಯಲ್ಲವೇ!

ಇಂಥ ಮಗುವಿಗೆ ಪಾಠ ಹೇಳುವವರಿಗೆ ಏನೇನು ತಿಳಿದಿರಬೇಕು ಎಂಬುದನ್ನು ಅಮೆರಿಕದ ಎರಡು ಸಂಸ್ಥೆಗಳು ಬರೆದಿಟ್ಟಿವೆ. ಒಂದು 1954ರಲ್ಲಿ ಹುಟ್ಟಿದ ನ್ಯಾಷನಲ್ ಅಸೋಸಿಯೇಷನ್ ಫಾರ್ ಗಿಫ್ಟೆಡ್ ಚಿಲ್ಡ್ರನ್. ಇನ್ನೊಂದು ಅದಕ್ಕಿಂತ ಹಳೆಯದು, 1922ರ ಕೌನ್ಸಿಲ್ ಫಾರ್ ಎಕ್ಸೆಪ್ಷನಲ್ ಚಿಲ್ಡ್ರನ್. ಇಬ್ಬರೂ ಸೇರಿ 2006ರಲ್ಲಿ ಮಾನದಂಡಗಳನ್ನು ತಂದರು. 2013ರಲ್ಲಿ ಅವನ್ನು ತಿದ್ದಿ ಏಳಕ್ಕೆ ಇಳಿಸಿದರು. ಹೊಸಬರು ಮೊದಲೇ ತಿಳಿಯಬೇಕಾದದ್ದೊಂದಿದೆ: ಇವು ಮಕ್ಕಳನ್ನು ಅಳೆಯುವ ಮಾನದಂಡಗಳಲ್ಲ. ಶಿಕ್ಷಕರನ್ನು ತಯಾರು ಮಾಡುವ ಕಾಲೇಜುಗಳಿಗೆ ಹಾಕಿಕೊಟ್ಟ ಗೆರೆಗಳು. ನಿಮ್ಮಲ್ಲಿ ಓದಿ ಹೊರಬಂದವರಿಗೆ ಇಷ್ಟಾದರೂ ಬರಬೇಕು ಎಂದು ಕಾಲೇಜನ್ನೇ ಕೇಳುತ್ತವೆ.

ಏಳರಲ್ಲಿ ಕೆಲವು ಯಾವ ಶಿಕ್ಷಕರಿಗೂ ಹೊಸತಲ್ಲ. ವಿಷಯಜ್ಞಾನ, ಕಲಿಕೆಗೆ ಒಗ್ಗುವ ವಾತಾವರಣ, ವೃತ್ತಿಧರ್ಮ, ಮನೆಯವರೊಡನೆ ಮತ್ತು ಸಹೋದ್ಯೋಗಿಗಳೊಡನೆ ಕೂಡಿ ದುಡಿಯುವುದು: ಇವನ್ನು ಬಿ.ಎಡ್. ಮೊದಲ ತಿಂಗಳಲ್ಲೇ ಕೇಳಿರುತ್ತೀರಿ. ಉಳಿದ ಮೂರರಲ್ಲೇ ಕಷ್ಟವಿರುವುದು: ಮಗುವನ್ನು ಅರಿಯುವುದು, ಅಳೆಯುವುದು, ಅದಕ್ಕೆ ತಕ್ಕಂತೆ ಪಾಠ ಹೆಣೆಯುವುದು.

ಅರಿಯುವುದರಲ್ಲಿ ನಮ್ಮ ಮಾತೇ ನಮಗೆ ಅಡ್ಡ ಬರುತ್ತದೆ. ‘ಪ್ರತಿಭಾವಂತ’ ಎಂದೊಡನೆ ಕಣ್ಮುಂದೆ ಬರುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ಬಳಿಕ ಊರೂರಲ್ಲಿ ನಡೆಯುವ ಪ್ರತಿಭಾ ಪುರಸ್ಕಾರ, ಶಾಲು, ಹಾರ, ಪುಸ್ತಕ. ಅಂಕ ಬಂದವರು ಪ್ರತಿಭಾವಂತರೆಂದು ನಾವು ನಿರ್ಧರಿಸಿಯಾಗಿದೆ. ಆದರೆ ಎತ್ತರದ ಬುದ್ಧಿಯ ಜೊತೆಗೇ ಓದಿನ ತೊಡಕೋ ಗಮನದ ತೊಂದರೆಯೋ ಇರುವ ಮಕ್ಕಳೂ ಇದ್ದಾರೆ. ಅಮೆರಿಕದವರು ಅವರನ್ನು ‘ಇಮ್ಮಡಿ ವಿಶೇಷ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಒಂದು ಇನ್ನೊಂದನ್ನು ಮುಚ್ಚಿಬಿಡುವುದರಿಂದ ಇಂಥವರು ಸಾಧಾರಣ ಅಂಕ ಪಡೆದು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಮನೆಮಾತು ಬೇರೆಯಾದವರ, ಬಡವರ ಮಕ್ಕಳೂ ಹೀಗೆಯೇ ಕಣ್ತಪ್ಪುತ್ತಾರೆ. ಇವರೆಲ್ಲರನ್ನೂ ಶಿಕ್ಷಕರು ಕಾಣಬಲ್ಲವರಾಗಿರಬೇಕು ಎನ್ನುತ್ತವೆ ಮಾನದಂಡಗಳು.

ಅಳತೆಯ ಕತೆ ಇನ್ನೂ ಸ್ವಾರಸ್ಯದ್ದು. ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ 1921ರಲ್ಲಿ ಐಕ್ಯೂ ಪರೀಕ್ಷೆಯಿಂದ ಮಕ್ಕಳನ್ನು ಆರಿಸಿ, ಅವರ ಬದುಕನ್ನು ಹಿಂಬಾಲಿಸುವ ದೀರ್ಘ ಅಧ್ಯಯನ ಆರಂಭಿಸಿದರು. ಅವರ ಜರಡಿಯಿಂದ ಕೆಳಗೆ ಬಿದ್ದ ಹುಡುಗರಲ್ಲಿ ಇಬ್ಬರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. 1956ರಲ್ಲೊಬ್ಬರಿಗೆ, 1968ರಲ್ಲಿ ಇನ್ನೊಬ್ಬರಿಗೆ ಭೌತವಿಜ್ಞಾನದ ನೊಬೆಲ್ ಬಂತು! ಅಳತೆ ಒಂದೇ ಇರಬಾರದು ಎಂಬ ಮಾನದಂಡಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇನ್ನೊಂದು ತೊಡಕೂ ಇದೆ. ಆರನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಇಬ್ಬರು ನೂರಕ್ಕೆ ನೂರು ತೆಗೆದರೆ ಇಬ್ಬರೂ ಒಂದೇ ಎತ್ತರದವರೆಂದು ಅರ್ಥವಲ್ಲ, ಇಬ್ಬರ ತಲೆಯೂ ಸೂರಿಗೆ ತಾಗಿದೆ ಎಂದಷ್ಟೇ. ಹೀಗಾಗಿಯೇ 1970ರ ದಶಕದಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಜೂಲಿಯನ್ ಸ್ಟ್ಯಾನ್ಲಿ, ಕಾಲೇಜು ಸೇರುವವರು ಬರೆಯುವ ಸ್ಯಾಟ್ ಪರೀಕ್ಷೆಯನ್ನು ಹನ್ನೆರಡು ಹದಿಮೂರರ ಮಕ್ಕಳಿಗೆ ಕೊಟ್ಟು ನೋಡಿದರು. ಸೂರು ಮೇಲಕ್ಕೆ ಹೋದಾಗ ಎತ್ತರ ಕಂಡಿತು.

ಅಳೆದ ಮೇಲೆ? ಇಲ್ಲಿಗೆ ಜೋಸೆಫ್ ರೆಂಝುಲಿ ಮತ್ತು ಸಂಗಡಿಗರು ಬೆಳೆಸಿದ ‘ಪಠ್ಯ ಸಂಕೋಚನ’ ಬರುತ್ತದೆ. ಹೆಸರು ಕೇಳಿ ಹೆದರಬೇಡಿ. ಮಗುವಿಗೆ ಈಗಾಗಲೇ ಬರುವುದನ್ನು ಕಂಡುಹಿಡಿದು, ಅದನ್ನು ಮತ್ತೆ ಕಲಿಸದೆ, ಉಳಿದ ಹೊತ್ತನ್ನು ಮಗುವಿಗೇ ಕೊಡುವುದು, ಅಷ್ಟೆ. ಆ ಹೊತ್ತಿನಲ್ಲಿ ಹೊಸ ಲೆಕ್ಕವಿರಬಹುದು, ತಾನೇ ಆರಿಸಿದ ಪ್ರಶ್ನೆಯೊಂದರ ಬೆನ್ನುಹತ್ತುವುದಿರಬಹುದು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸ್ಯಾಲಿ ರೀಸ್ ಮತ್ತು ತಂಡ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷಕರು ಇಂಥ ಮಕ್ಕಳ ಪಠ್ಯದಲ್ಲಿ ಶೇ. 40ರಿಂದ 50ರಷ್ಟನ್ನು ಕೈಬಿಟ್ಟರೂ ಅವರ ಪರೀಕ್ಷೆಯ ಅಂಕಗಳು ಇಳಿಯಲಿಲ್ಲ. ‘ಹಾಗಾದರೆ ಇವರು ಜನವರಿಯಲ್ಲೇ ಶಾಲೆಗೆ ಬರಬಾರದೇಕೆ?’ ಎಂಬುದು ವರದಿಯ ಶೀರ್ಷಿಕೆಯ ತುಂಟತನ. ಅಲ್ಲಿ ಶಾಲೆ ತೆರೆಯುವುದು ಬೇಸಿಗೆ ಮುಗಿಯುವ ಆಗಸ್ಟ್, ಸೆಪ್ಟೆಂಬರ್‌ನಲ್ಲಿ; ಜನವರಿ ಎಂದರೆ ಅರ್ಧ ವರ್ಷದ ಪಾಠ ಮುಗಿದ ಮೇಲೆ.

ಇಷ್ಟೆಲ್ಲ ಇದ್ದೂ ಅಮೆರಿಕದಲ್ಲಿ ಇಂಥ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕೇಂದ್ರ ಕಾನೂನಿಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ನಮ್ಮಲ್ಲಿ ಬೆಂಗಳೂರಿನ ನಿಯಾಸ್ ಸಂಸ್ಥೆ ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ಬಗ್ಗೆ ಕೆಲಸ ಮಾಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಬಿ.ಎಡ್.ನಲ್ಲಿ ಇದನ್ನೊಂದು ವಿಶೇಷ ವಿಷಯವಾಗಿ ಓದಲು ಅವಕಾಶವಿರಬಹುದು ಎಂದಿದೆ. ‘ಇರಬಹುದು’ ಎಂಬ ಪದವನ್ನು ಎರಡು ಸಲ ಓದಿ.

ನೀವು ಅದಕ್ಕೆ ಕಾಯಬೇಕಾಗಿಲ್ಲ. ಮುಂದಿನ ಸೋಮವಾರ ಭಿನ್ನರಾಶಿ ಶುರುಮಾಡುವ ಮೊದಲು, ಪಾಠದ ಕೊನೆಯಲ್ಲಿ ಕೊಡಬೇಕೆಂದಿದ್ದ ಕಿರುಪರೀಕ್ಷೆಯನ್ನು ಮೊದಲ ದಿನವೇ ಕೊಡಿ. ಅಂಕಪಟ್ಟಿಗೆ ಸೇರಿಸುವುದಿಲ್ಲವೆಂದು ಮಕ್ಕಳಿಗೆ ಮೊದಲೇ ಹೇಳಿ. ಉತ್ತರಗಳನ್ನು ಮನೆಗೆ ಒಯ್ದು ನಿಧಾನವಾಗಿ ನೋಡಿ. ಕಿಟಕಿಯಾಚೆ ನೋಡುತ್ತಿದ್ದವಳದನ್ನು ಮೊದಲು ನೋಡಿ, ಹಿಂದಿನ ಬೆಂಚಿನದನ್ನು ಮಾತ್ರ ಬಿಡಬೇಡಿ.